ಬೆಕ್ಕಿಗೆ ‘ಮಾತಿನ ಬಟನ್’: ಕೊಳ್ಳುವ ಮೊದಲು ಬಾಯಿಂದ ಕಲಿಸಿ

ನಾಲ್ಕು ಬಟನ್‌ಗಳ ಒಂದು ಸೆಟ್. ಪ್ರತಿಯೊಂದರಲ್ಲೂ ನಮ್ಮ ಧ್ವನಿಯಲ್ಲಿ ಒಂದೊಂದು ಪದ ರೆಕಾರ್ಡ್ ಮಾಡಬಹುದು. ಬೆಕ್ಕೋ ನಾಯಿಯೋ ಪಂಜ ಊರಿ ಒತ್ತಿದರೆ ಆ ಪದ ಕೇಳುತ್ತದೆ. ಆನ್‌ಲೈನಿನಲ್ಲಿ 1,600 ರೂಪಾಯಿ ಕೊಟ್ಟು ತರಿಸಿದೆ. ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ. ಆದ್ದರಿಂದ ಹೆಸರು ಬಿಟ್ಟು, ವಸ್ತು ಹೇಗಿದೆ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದನ್ನಷ್ಟೇ ಬರೆಯುತ್ತೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಬಟನ್ ಪರವಾಗಿಲ್ಲ, ನಮ್ಮ ಮನೆಯಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಡಬ್ಬದ ಮೇಲೆ ಬರೆದುಕೊಂಡಿರುವಂತೆ ಬೆಕ್ಕಿಗೆ ಮಾತು ಅರ್ಥ ಮಾಡಿಸುವ ಕೆಲಸ ಅದರಿಂದ ಆಗುವುದಿಲ್ಲ. ಆ ಕೆಲಸ ನಿಮ್ಮ ಬಾಯಿಯದು. ಅದು ಮುಗಿದ ಮೇಲೆ ಬಟನ್ನಿನ ಸರದಿ.

ನಾನು ಮೈಸೂರಿನಲ್ಲಿ ವಾಕ್ ಚಿಕಿತ್ಸಕಿ. ಮಾನಸಗಂಗೋತ್ರಿಯ ಆಯಿಷ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುತ್ತಾ ಬಂದವಳು. ಬಾಯಿಂದ ಮಾತಾಡಲಾಗದ ಮಗುವಿಗೆ ಚಿತ್ರದ ಹಲಗೆ ಕೊಡುತ್ತೇವೆ, ಒತ್ತಿದರೆ ಧ್ವನಿ ಬರುವ ಬಟನ್ ಕೊಡುತ್ತೇವೆ. ಈ ಉಪಕರಣಗಳನ್ನು ಕೈಗೆ ಕೊಡುವ ಮೊದಲು ನಾವು ನೋಡುವುದು ಒಂದೇ: ಮಗುವಿಗೆ ಆ ಪದ ಕೇಳಿ ಗೊತ್ತಿದೆಯಾ? ‘ನೀರು’ ಅಂದಾಗ ಲೋಟದ ಕಡೆ ನೋಡುತ್ತಾ? ಇಲ್ಲವಾದರೆ ಅಮ್ಮ ಅಪ್ಪ ದಿನವಿಡೀ, ಸರಿಯಾದ ಹೊತ್ತಿಗೆ, ಅದೇ ಪದವನ್ನು ಆಡಬೇಕು. ಗ್ರಹಿಕೆ ಮೊದಲು, ಅಭಿವ್ಯಕ್ತಿ ಆಮೇಲೆ. ಈ ಸೆಟ್ಟನ್ನು ನಾನು ನೋಡಿದ್ದೂ ಅದೇ ಕಣ್ಣಿನಿಂದ.

ಹಾಗೆ ನೋಡಿದರೆ ಈ ಬಟನ್‌ಗಳು ಬಂದದ್ದೂ ನಮ್ಮ ವೃತ್ತಿಯಿಂದಲೇ. ಅಮೆರಿಕದ ವಾಕ್ ಚಿಕಿತ್ಸಕಿ ಕ್ರಿಸ್ಟಿನಾ ಹಂಗರ್ 2018ರಲ್ಲಿ ತಮ್ಮ ನಾಯಿಮರಿ ಸ್ಟೆಲ್ಲಾಗೆ, ಮಕ್ಕಳಿಗೆ ಕೊಡುವಂಥ ರೆಕಾರ್ಡಿಂಗ್ ಬಟನ್ ಕೊಟ್ಟು ನೋಡಿದರು. ಅದರ ವೀಡಿಯೊಗಳು ಜಗತ್ತೆಲ್ಲ ಹರಡಿದವು. ಫ್ಲುಯೆಂಟ್‌ಪೆಟ್ ಅನ್ನುವ ಕಂಪನಿ ಜೇನುಗೂಡಿನಂಥ ಷಟ್ಕೋನದ ಹಾಸುಗಳ ಮೇಲೆ ಬಟನ್ ಜೋಡಿಸುವ ಪದ್ಧತಿ ತಂದಿತು. ಫ್ಲಾರಿಡಾದ ಬಿಲ್ಲಿ ಎಂಬ ಬೆಕ್ಕು ‘ಮ್ಯಾಡ್’, ಅಂದರೆ ‘ಸಿಟ್ಟು’, ಬಟನ್ ಒತ್ತಿ ಒತ್ತಿ ಹೆಸರು ಮಾಡಿತು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫೆಡೆರಿಕೊ ರೊಸ್ಸಾನೊ ಅವರ ತಂಡ ಇದನ್ನು ಗಂಭೀರವಾಗಿ ಪರೀಕ್ಷೆಗೆ ಹಚ್ಚಿತು. ‘ಆಟ’, ‘ಹೊರಗೆ’ ಎಂಬ ಪದಗಳಿಗೆ ನಾಯಿಗಳು ತಕ್ಕಂತೆ ನಡೆದುಕೊಳ್ಳುತ್ತವೆ. ಪದವನ್ನು ಯಜಮಾನರೇ ಆಡಿದರೂ ಸರಿ, ಪರಿಚಯವಿಲ್ಲದವರು ಬಟನ್ ಒತ್ತಿದರೂ ಸರಿ ಎಂದು 2024ರಲ್ಲಿ ಪ್ರಕಟಿಸಿತು. ಅದು ನಾಯಿಗಳ ಮೇಲಿನ ಅಧ್ಯಯನ ಅನ್ನುವುದನ್ನು ಬೆಕ್ಕಿನ ಬಟನ್ ಮಾರುವ ಜಾಹೀರಾತುಗಳು ಹೇಳುವುದಿಲ್ಲ. ಕೊಳ್ಳುವವರಿಗೆ ಅದು ಗೊತ್ತಿರಬೇಕು.

ಇನ್ನು ಡಬ್ಬ ತೆಗೆದರೆ ಏನಿದೆ ನೋಡೋಣ. ಅಂಗೈ ಅಗಲದ ನಾಲ್ಕು ಬಟನ್, ನಾಲ್ಕು ಬಣ್ಣ, ಅಂಟಿಸಲು ಚಿತ್ರದ ಚೀಟಿಗಳು, ಒಂದು ತೆಳು ಹಾಸು. ಪ್ರತಿ ಬಟನ್‌ಗೆ ಎರಡು ಟ್ರಿಪಲ್ ಎ ಬ್ಯಾಟರಿ, ಅವನ್ನು ನಾವೇ ಕೊಳ್ಳಬೇಕು. ರೆಕಾರ್ಡ್ ಮಾಡುವುದು ಸುಲಭ: ಪಕ್ಕದ ಪುಟ್ಟ ಗುಂಡಿ ಹಿಡಿದುಕೊಂಡು ಮಾತಾಡಿ ಬಿಟ್ಟರಾಯಿತು. ಬ್ಯಾಟರಿ ಬದಲಿಸಿದರೂ ಧ್ವನಿ ಅಳಿಸಿಹೋಗಲಿಲ್ಲ, ಇದು ನನಗೆ ತುಂಬ ಹಿಡಿಸಿತು. ಬ್ಯಾಟರಿ ಇಳಿಯುತ್ತಾ ಬಂದಾಗ ಮಾತ್ರ ಧ್ವನಿ ಗೊಗ್ಗರಾಗುತ್ತದೆ. ಆಗ ಬೆಕ್ಕಿಗೆ ಅದು ಬೇರೆಯೇ ಸದ್ದು, ತಕ್ಷಣ ಬದಲಿಸಿ.

ಹಾಸು ಉಪಯೋಗಕ್ಕೆ ಬರಲಿಲ್ಲ. ನಮ್ಮದು ಹಳೆಯ ಕೆಂಪು ರೆಡ್ಆಕ್ಸೈಡ್ ನೆಲ, ಬೆಕ್ಕು ಕಾಲಿಟ್ಟರೆ ಹಾಸೂ ಬಟನ್ನೂ ಒಟ್ಟಿಗೆ ಜಾರುತ್ತವೆ. ಬಡಗಿ ಅಂಗಡಿಯಲ್ಲಿ ಪ್ಲೈವುಡ್ಡಿನ ಒಂದು ತುಂಡು ಕೇಳಿ ತಂದು, ಕೆಳಗೆ ರಬ್ಬರ್, ಮೇಲೆ ಎರಡು ಬದಿಯ ಟೇಪು ಹಾಕಿ ಬಟನ್ ಕೂರಿಸಿದ್ದೇನೆ. ಬಟನ್ನಿನ ಸ್ಪ್ರಿಂಗು ಇನ್ನೊಂದು ತಕರಾರು. ಅಡುಗೆಮನೆಯ ತಕ್ಕಡಿ ಮೇಲಿಟ್ಟು ಒತ್ತಿ ನೋಡಿದೆ, ಸದ್ದು ಬರಲು ಸುಮಾರು ಅರ್ಧ ಕೆಜಿ ಭಾರ ಬೀಳಬೇಕು. ಲ್ಯಾಬ್ರಡಾರ್ ನಾಯಿಗೆ ಅದು ಲೆಕ್ಕವೇ ಅಲ್ಲ. ಮೂರೂವರೆ ಕೆಜಿಯ ಬೆಕ್ಕು ಯಾವ ವಸ್ತುವನ್ನೂ ಮೊದಲು ಪಂಜದ ತುದಿಯಿಂದ ಮುಟ್ಟಿ ನೋಡುವ ಪ್ರಾಣಿ, ಒತ್ತುವ ಪ್ರಾಣಿ ಅಲ್ಲ. ಬೆಕ್ಕಿಗೆಂದೇ ಮಾರುವ ಸೆಟ್ಟಿನಲ್ಲಿ ಇಷ್ಟು ಗಟ್ಟಿ ಸ್ಪ್ರಿಂಗ್ ಇರಬಾರದಿತ್ತು. ಅಂಚನ್ನು ಒತ್ತಿದರೆ ಸ್ವಲ್ಪ ಹಗುರ, ಆದ್ದರಿಂದ ಬೆಕ್ಕು ನಿಲ್ಲುವ ಕಡೆಗೆ ಅಂಚು ತುಸು ವಾಲಿರುವಂತೆ ಅಡಿಗೆ ರಟ್ಟು ಕೊಟ್ಟಿದ್ದೇನೆ.

ಧ್ವನಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಬಗ್ಗೆ ಯಾವ ವಿಮರ್ಶೆಯಲ್ಲೂ ನಾನು ಸರಿಯಾಗಿ ಓದಲಿಲ್ಲ. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನಗಳವರೆಗೆ ಕೇಳುತ್ತದೆ. ಬೆಕ್ಕಿನದು 85ರ ಆಸುಪಾಸು ತಲುಪುತ್ತದೆ. ಅಂಥ ಕಿವಿಗೆ ನಾವು ಕೊಡುತ್ತಿರುವುದು ರೂಪಾಯಿ ನಾಣ್ಯದಷ್ಟು ಅಗಲದ ಸ್ಪೀಕರಿನ ಧ್ವನಿ. ನಮ್ಮ ಮಾತಿನಲ್ಲಿ ಸ್ವರಗಳೂ ಮ, ನ, ಲ ಮುಂತಾದವೂ ಕೆಳಗಿನ ಕಂಪನಗಳಲ್ಲಿರುತ್ತವೆ, ಅವು ಇಂಥ ಸ್ಪೀಕರಿನಲ್ಲೂ ಬದುಕುಳಿಯುತ್ತವೆ. ಸ, ಶ, ಚ ಇವುಗಳ ಶಕ್ತಿ ಮೇಲಿನ ಕಂಪನಗಳಲ್ಲಿರುವುದರಿಂದ ಅವೇ ಮೊದಲು ಕರಗುವುದು. ನಾನು ‘ಬಿಸಿಲು’ ಅಂತ ರೆಕಾರ್ಡ್ ಮಾಡಿದ್ದು ಕೇಳಿಸುವಾಗ ನಡುವಿನ ‘ಸಿ’ ಬರೀ ಉಸಿರಾಗಿತ್ತು. ಬಾಯಿಂದ ‘ಬಿಸಿಲು’ ಅಂದರೆ ಮಹಡಿ ಮೆಟ್ಟಿಲ ಹತ್ತಿರ ಓಡುವ ನಮ್ಮ ಬೆಕ್ಕು ಜೀರಿಗೆ, ಬಟನ್ನಿನ ‘ಬಿಸಿಲು’ವಿಗೆ ಕಿವಿ ತಿರುಗಿಸಿ ಅಲ್ಲೇ ಕೂತಿದ್ದಳು. ಬಾಯಿಯನ್ನು ಬಟನ್‌ನಿಂದ ಒಂದು ಗೇಣು ದೂರ ಇಟ್ಟು, ಫ್ಯಾನ್ ಆರಿಸಿ, ಪದವನ್ನು ತುಸು ಎಳೆದು ಮತ್ತೆ ರೆಕಾರ್ಡ್ ಮಾಡಿದ ಮೇಲೆ ಸುಧಾರಿಸಿತು. ನೀವು ಪದ ಆರಿಸುವಾಗ ಸ್ವರಗಳು ಒಂದಕ್ಕೊಂದು ದೂರ ಇರುವಂತೆ ನೋಡಿಕೊಳ್ಳಿ. ‘ಬಾಗಿಲು’, ‘ಬಾಚಣಿಗೆ’ ಎರಡನ್ನೂ ಒಂದೇ ಹಲಗೆಯ ಮೇಲೆ ಇಡಬೇಡಿ.

ಜೀರಿಗೆ ಮೂರು ವರ್ಷದ ಹೆಣ್ಣು ಬೆಕ್ಕು, ಮೈಮೇಲೆ ಬೂದು ಪಟ್ಟೆ. ಜೊತೆಗೆ ಮೆಂತ್ಯ ಅಂತ ಹಳದಿ ಗಂಡು ಬೆಕ್ಕು. ಇಬ್ಬರೂ ಬೀದಿಯಲ್ಲಿ ಹುಟ್ಟಿ ಮನೆಗೆ ಬಂದವರು, ತಳಿಗಿಳಿ ಏನಿಲ್ಲ. ‘ಬೆಕ್ಕಿಗೆಲ್ಲ ಮಾತು ಎಲ್ಲಿ ತಿಳಿಯುತ್ತೆ, ಡಬ್ಬದ ಸದ್ದಿಗೆ ಬರುತ್ತವೆ ಅಷ್ಟೆ’ ಅನ್ನುವ ಮಾತು ನಮ್ಮ ಬಂಧುಗಳಲ್ಲಿ ಬಹಳ ಜನರ ಬಾಯಲ್ಲಿದೆ. ಅದು ನಿಜವಲ್ಲ ಎಂದು ಈಗ ಗಟ್ಟಿಯಾಗಿ ಹೇಳಬಹುದು. ಜಪಾನಿನ ಅತ್ಸುಕೊ ಸೈಟೊ ಮತ್ತು ಜೊತೆಗಾರರು 2013ರಲ್ಲಿ, ಬೆಕ್ಕುಗಳು ಯಜಮಾನರ ಧ್ವನಿಯನ್ನು ಅಪರಿಚಿತರ ಧ್ವನಿಯಿಂದ ಬೇರೆ ಮಾಡಿ ಗುರುತಿಸುತ್ತವೆ ಎಂದು ತೋರಿಸಿದರು. ಉತ್ತರವಾಗಿ ಎದ್ದು ಬರುವುದಿಲ್ಲ. ಕಿವಿ ಆಡಿಸುತ್ತವೆ, ತಲೆ ತಿರುಗಿಸುತ್ತವೆ, ಅಷ್ಟೆ. 2019ರಲ್ಲಿ ಅವರೇ ಹೆಸರಿನ ಪರೀಕ್ಷೆ ಮಾಡಿದರು. ಹೆಸರಿನಷ್ಟೇ ಉದ್ದದ, ಅದೇ ಏರಿಳಿತದ ನಾಲ್ಕು ಬೇರೆ ಪದಗಳನ್ನು ಬಿಡುವು ಕೊಟ್ಟು ಕೇಳಿಸುವುದು. ಬೆಕ್ಕಿಗೆ ಬೇಸರ ಬಂದು ಕಿವಿ ಆಡಿಸುವುದನ್ನು ನಿಲ್ಲಿಸುತ್ತಾ ಹೋಗುತ್ತದೆ. ಐದನೆಯದಾಗಿ ಅದರ ಹೆಸರು ಬಂದಾಗ ಕಿವಿ ಮತ್ತೆ ಏಳುತ್ತದೆ.

ಈ ಪರೀಕ್ಷೆಯನ್ನು ಯಾವ ಬಟನ್ನೂ ಇಲ್ಲದೆ ನೀವು ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ನಾನು ಪಡಸಾಲೆಯ ಬಾಗಿಲ ಹಿಂದೆ ನಿಂತು ‘ಕಾಗದ’, ‘ಪಾಯಸ’, ‘ತೋರಣ’, ‘ನಾಲಿಗೆ’ ಅಂತ ಒಂದೊಂದನ್ನೂ ಕಾಲು ನಿಮಿಷದ ಬಿಡುವಿನಲ್ಲಿ, ಒಂದೇ ರಾಗದಲ್ಲಿ ಹೇಳಿ ಕೊನೆಗೆ ‘ಜೀರಿಗೆ’ ಅಂದೆ. ಎಲ್ಲವೂ ಒಂದು ದೀರ್ಘ, ಎರಡು ಹ್ರಸ್ವ. ಮಗ ಒಳಗಿಂದ ಮೊಬೈಲಿನಲ್ಲಿ ಅವಳ ಕಿವಿಯನ್ನು ಹಿಡಿದ. ‘ಕಾಗದ’ಕ್ಕೆ ಎರಡೂ ಕಿವಿ ತಿರುಗಿದವು, ‘ಪಾಯಸ’ಕ್ಕೆ ಒಂದು, ‘ತೋರಣ’, ‘ನಾಲಿಗೆ’ಗೆ ಏನೂ ಇಲ್ಲ. ‘ಜೀರಿಗೆ’ ಅಂದಕೂಡಲೇ ತಲೆಯೇ ಬಾಗಿಲ ಕಡೆ ಹೊರಳಿತು. ಬಟನ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ ಎಂದು ನನ್ನ ಕಳಕಳಿಯ ಸಲಹೆ. ನಿಮ್ಮ ಬೆಕ್ಕು ತನ್ನ ಹೆಸರಿಗೇ ಹೀಗೆ ಮಾಡದಿದ್ದರೆ, ಇನ್ನೂ ನಾಲ್ಕು ಪದಗಳ ಪ್ಲಾಸ್ಟಿಕ್ ತರುವ ಹೊತ್ತು ಬಂದಿಲ್ಲ. ಸೈಟೊ ಅವರ ಅಧ್ಯಯನದಲ್ಲಿ ಬಹಳ ಬೆಕ್ಕುಗಳು ಒಟ್ಟಿಗಿರುವ ಕ್ಯಾಟ್ ಕೆಫೆಯ ಬೆಕ್ಕುಗಳಿಗೆ ತಮ್ಮ ಹೆಸರಿಗೂ ಜೊತೆಯವರ ಹೆಸರಿಗೂ ವ್ಯತ್ಯಾಸ ಮಾಡಲು ಆಗಿರಲಿಲ್ಲ. ಹೆಸರು ಕರೆದಾಗ ಆ ಒಂದು ಬೆಕ್ಕಿಗೇ ಏನಾದರೂ ಸಿಕ್ಕರೆ ಮಾತ್ರ ಹೆಸರು ಅದರದ್ದಾಗುತ್ತದೆ ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ಮನೆಯಲ್ಲಿ ಎರಡು ಬೆಕ್ಕಿದ್ದರೆ ‘ಜೀರಿಗೆ’ ಅಂದಾಗ ಜೀರಿಗೆಗೇ ಕೊಡಿ. ಮೆಂತ್ಯನಿಗೆ ಅವನ ಹೆಸರು ಕರೆದು ಕೊಡಿ.

ಇನ್ನೂ ಆಶ್ಚರ್ಯದ ಸಂಗತಿ 2024ರಲ್ಲಿ ಬಂತು. ಸಾಹೊ ಟಕಾಗಿ ಮತ್ತು ತಂಡ 31 ಸಾಕು ಬೆಕ್ಕುಗಳಿಗೆ ಪರದೆಯ ಮೇಲೆ ಎರಡು ಕಾರ್ಟೂನ್ ತೋರಿಸಿ, ಒಂದರ ಜೊತೆ ‘ಕೆರಾರು’, ಇನ್ನೊಂದರ ಜೊತೆ ‘ಪರುಮೊ’ ಎಂದು ಯಜಮಾನರ ಧ್ವನಿ ಕೇಳಿಸಿತು. ಅರ್ಥವಿಲ್ಲದ, ಹೊಸದಾಗಿ ಕಟ್ಟಿದ ಪದಗಳು. ಆಮೇಲೆ ಪದ, ಚಿತ್ರ ಅದಲು ಬದಲು ಮಾಡಿದಾಗ ಬೆಕ್ಕುಗಳು ಪರದೆಯನ್ನು ಹೆಚ್ಚು ಹೊತ್ತು ದಿಟ್ಟಿಸಿದವು. ಅಂದರೆ ಯಾವ ಪದ ಯಾವುದಕ್ಕೆ ಅನ್ನುವುದು ಮನಸ್ಸಿನಲ್ಲಿ ಕೂತಿತ್ತು. ಅದೂ ಒಂಬತ್ತು ಸೆಕೆಂಡಿನ ಎರಡೇ ಪ್ರದರ್ಶನಗಳಲ್ಲಿ, ತಿಂಡಿಯ ಆಮಿಷವೇ ಇಲ್ಲದೆ. ಮಕ್ಕಳ ಜೊತೆ ಇಂಥದೇ ಪ್ರಯೋಗಗಳನ್ನು ಓದಿ ಬೆಳೆದ ನನಗೆ ಇದನ್ನು ಓದಿದ ದಿನ ಬೇರೆ ಕೆಲಸ ಮಾಡಲಾಗಲಿಲ್ಲ. ನಾವು ಸುಮ್ಮನೆ ಆಡಿದ ಮಾತನ್ನು ಈ ಪ್ರಾಣಿಗಳು ಹಿಡಿದಿಟ್ಟುಕೊಳ್ಳುತ್ತಿವೆ. ಹಾಗಿದ್ದರೆ ನಾವು ಎಂಥ ಮಾತು ಕೊಡುತ್ತಿದ್ದೇವೆ ಅನ್ನುವುದು ಮುಖ್ಯವಾಗುತ್ತದೆ.

ಮನೆಯಲ್ಲಿ ನಾನು ಮೊದಲು ಮಾಡಿದ್ದು ಪದಗಳ ಆಯ್ಕೆ. ‘ಊಟ’, ‘ತಿಂಡಿ’ ಬೇಡವೆಂದೆ. ಬೆಳಗಿನಿಂದ ರಾತ್ರಿವರೆಗೆ ಮನುಷ್ಯರ ನಡುವೆ ಓಡಾಡುವ ಪದಗಳವು. ‘ತಿಂಡಿ ಆಯ್ತಾ’ ಅಂತ ಫೋನಿನಲ್ಲಿ ಕೇಳಿದಾಗಲೆಲ್ಲ ಬೆಕ್ಕಿನ ಬಟ್ಟಲು ಖಾಲಿಯೇ ಇರುತ್ತದೆ. ಹೀಗೆ ಫಲವಿಲ್ಲದೆ ಕೇಳಿದ ಪದ ಬೇಗ ಸವೆಯುತ್ತದೆ. ಅದಕ್ಕೆ ‘ಮಮ್ಮು’ ಆರಿಸಿದೆ. ಮಗ ದೊಡ್ಡವನಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆಡದ ಪದ. ನವಿಲುಗರಿ ಕಟ್ಟಿದ ಕೋಲಿನ ಆಟಕ್ಕೆ ‘ಗರಿ’. ಮಹಡಿಯ ಬಾಗಿಲು ತೆಗೆಯುವುದಕ್ಕೆ ‘ಬಿಸಿಲು’. ಬಾಚುವುದಕ್ಕೆ ‘ಬಾಚು’. ಕರೆಯುವುದಕ್ಕೆ ಎಲ್ಲರೂ ‘ಬಾ ಬಾ’ ಎಂದೇ ಕರೆಯಬೇಕು; ಅತ್ತೆಯ ‘ಬಾರಮ್ಮ’, ಮಗನ ‘ಬಾರೇ’, ನಮ್ಮವರ ಶಿಳ್ಳೆ ಎಲ್ಲ ಬಂದ್. ಈ ಐದೂ ಪದಗಳನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅತ್ತೆಗೆ ಎಪ್ಪತ್ತಾರು. ಎಲ್ಲರಿಗಿಂತ ಶ್ರದ್ಧೆಯಿಂದ ಆ ಪಟ್ಟಿಯನ್ನು ಪಾಲಿಸಿದವರು ಅವರೇ. ಇವತ್ತಿಗೂ ಜೀರಿಗೆ ದೂರದಿಂದ ಓಡಿಬರುವುದು ಅವರ ಕರೆಗೆ.

ಪದ ಮೊದಲು, ವಸ್ತು ಆಮೇಲೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಬಟ್ಟಲು ಕಣ್ಣಿಗೆ ಬಿದ್ದ ಮೇಲೆ ‘ಮಮ್ಮು’ ಅಂದರೆ ಬೆಕ್ಕು ಬಟ್ಟಲನ್ನು ನೋಡುತ್ತಿರುತ್ತದೆ, ನಿಮ್ಮ ಮಾತು ಅದಕ್ಕೆ ಬೇಕಿಲ್ಲ. ‘ಮಮ್ಮು’ ಅಂದು, ಒಂದು ಉಸಿರು ತಡೆದು, ಆಮೇಲೆ ಡಬ್ಬಕ್ಕೆ ಕೈ ಹಾಕಿ. ಊಟಕ್ಕೆ ಸ್ವಲ್ಪ ಮುಂಚೆ, ಹಸಿವು ಇರುವಾಗ, ಐದು ನಿಮಿಷ ಸಾಕು. ಬಹುಮಾನಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿಯ ಎಳೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ, ಸಾರಿನ ತುಂಡು ಕೊಡಬೇಡಿ. ಒಣಮೀನಿನಲ್ಲಿ ಉಪ್ಪು ಹೆಚ್ಚು, ಅದೂ ಬೇಡ. ಬೆಲ್ಲ, ಸಕ್ಕರೆಯ ರುಚಿ ಬೆಕ್ಕಿನ ನಾಲಿಗೆಗೆ ತಿಳಿಯುವುದೇ ಇಲ್ಲ.

ಬಟನ್ ಸೆಟ್ಟಿಗಿಂತ ನನಗೆ ಹೆಚ್ಚು ಉಪಕಾರವಾದ ವಸ್ತು ಕ್ಲಿಕ್ಕರ್, ಒತ್ತಿದರೆ ‘ಟಿಕ್’ ಅನ್ನುವ ಪುಟ್ಟ ಸಾಧನ. ಸಾಕುಪ್ರಾಣಿ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಸರಿಯಾದ ಕ್ಷಣವನ್ನು ‘ಟಿಕ್’ ಅಂತ ಗುರುತು ಮಾಡಿ, ಆಮೇಲೆ ತಿನ್ನಲು ಕೊಡುವುದು. ಅಮೆರಿಕದಲ್ಲಿ ಲೋರಿ ಕೋಗನ್ ಮತ್ತು ಜೊತೆಗಾರರು ಆಶ್ರಯತಾಣದ 100 ಬೆಕ್ಕುಗಳಿಗೆ ಎರಡು ವಾರ ಹೀಗೆ ಕಲಿಸಿ 2017ರಲ್ಲಿ ವರದಿ ಮಾಡಿದರು: ತೋರಿಸಿದ ವಸ್ತುವನ್ನು ಮೂಗಿನಿಂದ ಮುಟ್ಟುವುದನ್ನು 79 ಬೆಕ್ಕುಗಳು, ಸುತ್ತು ತಿರುಗುವುದನ್ನು 60 ಬೆಕ್ಕುಗಳು ಕಲಿತವು, ಕೂರುವುದನ್ನು ಕಲಿತವು 27 ಮಾತ್ರ. ಬೆಕ್ಕಿಗೆ ಕೂರು ಅಂತ ಕಲಿಸಲು ಹೋಗಿ ಬೇಸರಪಟ್ಟವರು ಈ ಅಂಕಿಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳಿ, ಮೂಗು ಮುಟ್ಟಿಸುವುದರಿಂದ ಶುರುಮಾಡಿ. ಬಟನ್ ಒತ್ತುವುದಕ್ಕೂ ಅದೇ ಮೊದಲ ಮೆಟ್ಟಿಲು. ಕ್ಲಿಕ್ಕರ್ ಸದ್ದಿಗೆ ಮೆಂತ್ಯ ಬೆಚ್ಚುತ್ತಿದ್ದ. ಅವನಿಗೆ ಬಾಲ್‌ಪೆನ್ನಿನ ಹಿಂಬದಿ ಒತ್ತಿದರೆ ಸಾಕಾಯಿತು.

ಯಾರ ಧ್ವನಿ, ಎಂಥ ರಾಗ ಅನ್ನುವುದಕ್ಕೂ ಉತ್ತರವಿದೆ. ಫ್ರಾನ್ಸಿನ ಶಾರ್ಲೆಟ್ ದ ಮೂಜೋನ್ ಮತ್ತು ತಂಡ 2022ರಲ್ಲಿ 16 ಬೆಕ್ಕುಗಳಲ್ಲಿ ಕಂಡಂತೆ, ಯಜಮಾನರು ಬೆಕ್ಕಿಗೆಂದೇ ಆಡುವ ಮುದ್ದಿನ ದನಿಗೂ ದೊಡ್ಡವರ ಜೊತೆ ಆಡುವ ದನಿಗೂ ಬೆಕ್ಕು ವ್ಯತ್ಯಾಸ ಮಾಡುತ್ತದೆ. ಅಪರಿಚಿತರು ಹಾಗೆ ದನಿ ಬದಲಿಸಿದರೆ ಅದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಬಟನ್‌ಗೆ ಧ್ವನಿ ಕೊಡುವವರು ಬೆಕ್ಕಿನ ಜೊತೆ ಹೆಚ್ಚು ಹೊತ್ತು ಇರುವವರೇ ಆಗಿರಲಿ, ದಿನಾ ಅದರ ಜೊತೆ ಮಾತಾಡುವ ದನಿಯಲ್ಲೇ ಇರಲಿ. ಪ್ರಕಟಣೆ ಓದುವ ಹಾಗೆ ಗಂಭೀರವಾಗಿ ರೆಕಾರ್ಡ್ ಮಾಡಬೇಡಿ. ನಮ್ಮ ಹಲಗೆಯ ‘ಮಮ್ಮು’ ಅತ್ತೆಯ ಧ್ವನಿ, ಉಳಿದವು ನನ್ನದು.

ಇನ್ನೊಂದು ಎಚ್ಚರಿಕೆ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡಿ, ಗೊರಸು ತಟ್ಟಿ ಉತ್ತರ ಹೇಳುತ್ತದೆ ಎಂದು ದೊಡ್ಡ ಹೆಸರಾಗಿತ್ತು. ಆಸ್ಕರ್ ಫಂಗ್ಸ್ಟ್ ಎಂಬವರು ಕೂತು ಪರೀಕ್ಷಿಸಿ 1907ರಲ್ಲಿ ತೋರಿಸಿದ್ದು, ಅದು ಎಣಿಸುತ್ತಿದ್ದುದು ಅಂಕಿಗಳನ್ನಲ್ಲ, ಪ್ರಶ್ನೆ ಕೇಳಿದವರ ತಲೆಯ ಸಣ್ಣ ಕದಲಿಕೆಯನ್ನು ನೋಡಿ ಗೊರಸು ನಿಲ್ಲಿಸುತ್ತಿತ್ತು ಎಂದು. ಬೆಕ್ಕುಗಳೂ ನಮ್ಮ ಮೈಯನ್ನು ಚೆನ್ನಾಗಿ ಓದುತ್ತವೆ. ನಾವು ಬೆರಳು ತೋರಿಸಿದ ಬಟ್ಟಲಿಗೆ ಅವು ಹೋಗುತ್ತವೆ ಎಂದು ಹಂಗೆರಿಯ ಆಡಾಮ್ ಮಿಕ್ಲೋಶಿ ತಂಡ 2005ರಲ್ಲೇ ತೋರಿಸಿದೆ. ‘ಗರಿ’ ಅಂದಾಗ ನಿಮ್ಮ ಕಣ್ಣು ಕಪಾಟಿನ ಮೇಲಿನ ಕೋಲಿನ ಕಡೆ ಹೊರಳಿದರೆ ಬೆಕ್ಕಿಗೆ ಅಷ್ಟು ಸಾಕು. ಪದವೇ ತಿಳಿದಿದೆಯಾ ಎಂದು ನೋಡಬೇಕಿದ್ದರೆ ಬೇರೆ ಕೋಣೆಯಿಂದ, ಗೋಡೆಯ ಆಚೆಯಿಂದ, ಎಂದಿನ ಹೊತ್ತಲ್ಲದ ಹೊತ್ತಿನಲ್ಲಿ ಹೇಳಿ. ನಾನು ಸ್ನಾನದ ಮನೆಯೊಳಗಿಂದ ‘ಗರಿ’ ಅಂದೆ. ಜೀರಿಗೆ ಕಪಾಟಿನ ಕೆಳಗೆ ಹೋಗಿ ಮೇಲೆ ನೋಡುತ್ತಾ ನಿಂತಳು. ‘ಬಿಸಿಲು’ ಅಂದೆ, ಮೆಟ್ಟಿಲಿಗೆ ಹೋದಳು. ಮೆಂತ್ಯ ಎರಡಕ್ಕೂ ಅಡುಗೆಮನೆಗೆ ಬಂದ. ಅವನಿಗೆ ಸದ್ಯಕ್ಕೆ ತನ್ನ ಹೆಸರು, ‘ಮಮ್ಮು’, ‘ಬಾ ಬಾ’ ಇಷ್ಟೇ ಗಟ್ಟಿ. ಒಂದೇ ಮನೆಯ ಎರಡು ಮಕ್ಕಳಲ್ಲೂ ಇಷ್ಟು ವ್ಯತ್ಯಾಸ ನಾನು ದಿನಾ ನೋಡುತ್ತೇನೆ.

ಈ ಹಂತ ಮುಟ್ಟಿದ ಮೇಲೆಯೇ ನಾನು ಹಲಗೆಯನ್ನು ನೆಲಕ್ಕಿಟ್ಟದ್ದು. ಮೊದಮೊದಲು ಒತ್ತುವುದು ನಾವು: ‘ಗರಿ’ ಬಾಯಿಂದ, ‘ಗರಿ’ ಬಟನ್‌ನಿಂದ, ಆಮೇಲೆ ಆಟ. ಬೆಕ್ಕಿನ ಪಂಜ ಹಿಡಿದು ಒತ್ತಿಸುವ ವೀಡಿಯೊಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳ ಕೈ ಹಿಡಿದು ಒತ್ತಿಸುವುದನ್ನೂ ನಾವು ಬಿಟ್ಟಿದ್ದೇವೆ. ಜೀರಿಗೆ ತಾನಾಗಿ ಮೊದಲು ಒತ್ತಿದ್ದು ‘ಬಿಸಿಲು’. ಮಳೆಗಾಲದ ಒಂದು ಸಂಜೆ, ಆಕಾಶದಲ್ಲಿ ಬಿಸಿಲೇ ಇರಲಿಲ್ಲ, ಆದರೂ ಬಾಗಿಲು ತೆಗೆದೆ. ಮೊದಲ ಸಲ ಕೇಳಿದ್ದನ್ನು ಕೊಡಲೇಬೇಕು. ಕೆಲವು ವಾರಗಳಲ್ಲಿ ‘ಗರಿ’, ‘ಮಮ್ಮು’ ಸೇರಿದವು. ‘ಬಾಚು’ ಬಟನ್ನನ್ನು ಅವಳು ಇವತ್ತಿನವರೆಗೆ ಮುಟ್ಟಿಲ್ಲ. ಬಾಚುವುದು ಅವಳಿಗೆ ಇಷ್ಟವಿಲ್ಲ, ಕೇಳುವುದಿಲ್ಲ, ಅದು ಸರಿಯಾಗಿಯೇ ಇದೆ. ಮೆಂತ್ಯ ಹಲಗೆಯ ಮೇಲೆ ಮಲಗುತ್ತಾನೆ.

ಬೆಳಗಿನ ಜಾವದ ‘ಮಮ್ಮು ಮಮ್ಮು ಮಮ್ಮು’ ಬಗ್ಗೆ ಕೊಳ್ಳುವವರೆಲ್ಲ ಕೇಳುತ್ತಾರೆ. ಬಟನ್‌ಗೆ ಆರಿಸುವ ಸ್ವಿಚ್ ಇಲ್ಲ, ಇದೊಂದು ದೊಡ್ಡ ಕೊರತೆ. ಹಲಗೆಯನ್ನು ರಾತ್ರಿ ಒಳಗಿಟ್ಟು ಬೆಳಿಗ್ಗೆ ಅದೇ ಜಾಗದಲ್ಲಿಡುತ್ತೇವೆ, ದಿನಚರಿ ಎಂದು ಬೆಕ್ಕು ಒಪ್ಪಿಕೊಳ್ಳುತ್ತದೆ. ಹಗಲಲ್ಲಿ ಒತ್ತಿದಾಗ ಮಾತ್ರ ಕಿವುಡರಂತೆ ಇರಬೇಡಿ. ಕೊಡಲು ಆಗದಿದ್ದರೆ ಹತ್ತಿರ ಹೋಗಿ ‘ಆಮೇಲೆ’ ಅನ್ನಿ, ಆಮೇಲೆ ನಿಜಕ್ಕೂ ಕೊಡಿ. ಕಾಟ ಜಾಸ್ತಿಯಾಯಿತೆಂದು ಬಟನ್ ಎತ್ತಿಟ್ಟುಬಿಡುವುದು, ಮಾತು ಕಲಿತ ಮಗುವಿನ ಹಲಗೆ ಕಿತ್ತುಕೊಳ್ಳುವುದು, ಎರಡೂ ನನಗೆ ಒಂದೇ.

ಡಬ್ಬದ ಜೊತೆ ಬಂದ ಕೈಪಿಡಿಯಲ್ಲಿ ‘ಐ ಲವ್ ಯು’, ‘ಸಾರಿ’, ‘ಸ್ಯಾಡ್’ ಅನ್ನುವ ಚಿತ್ರದ ಚೀಟಿಗಳೂ ಇವೆ. ಅವನ್ನು ನಾನು ಬಳಸಿಲ್ಲ, ನೀವೂ ಬಳಸಬೇಡಿ ಎನ್ನುತ್ತೇನೆ. ಒಂದು ಪದವನ್ನು ಕಲಿಸಬೇಕಾದರೆ ಅದರ ಹಿಂದೆ ಪ್ರತಿ ಸಲವೂ ಅದೇ ಒಂದು ಸಂಗತಿ ಬರಬೇಕು. ‘ಪ್ರೀತಿ’ಯ ಹಿಂದೆ ಏನು ಬರುತ್ತದೆ? ಒಮ್ಮೆ ತಬ್ಬುವುದು, ಒಮ್ಮೆ ತಿನ್ನಲು, ಒಮ್ಮೆ ಮನೆಯವರ ನಗು. ಅದು ನಮ್ಮ ಸಂತೋಷಕ್ಕೆ ಇಟ್ಟುಕೊಂಡ ಬಟನ್. ಬೆಕ್ಕಿನ ಪ್ರೀತಿ ಬಾಲ ನೆಟ್ಟಗೆ ಮಾಡಿಕೊಂಡು ಬರುವುದರಲ್ಲಿ, ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆಯುವುದರಲ್ಲಿ ಚೆನ್ನಾಗಿಯೇ ಕಾಣುತ್ತದೆ.

ನಿಜವಾಗಿ ನಮ್ಮ ಮನೆಯ ಬದುಕು ಬದಲಾಗಿದ್ದು ಬಟನ್‌ನಿಂದಲ್ಲ, ಬಟನ್ ಇಲ್ಲದ ಪದಗಳಿಂದ. ಇವು ಮುನ್ಸೂಚನೆಯ ಪದಗಳು. ಮಿಕ್ಸಿ ಹಾಕುವ ಮುಂಚೆ ನಾನು ‘ಮಿಕ್ಸಿ’ ಅನ್ನುತ್ತೇನೆ, ಬೆಕ್ಕುಗಳು ಎದ್ದು ಹೊರಡುವಷ್ಟು ಹೊತ್ತು ಕಾಯುತ್ತೇನೆ, ಆಮೇಲೆ ಹಾಕುತ್ತೇನೆ. ಮೊದಲು ಚಟ್ನಿ ರುಬ್ಬುವ ಹೊತ್ತಿಗೆ ಜೀರಿಗೆ ಮಂಚದ ಕೆಳಗೆ ಸೇರಿ ಮಧ್ಯಾಹ್ನದವರೆಗೆ ಬರುತ್ತಿರಲಿಲ್ಲ. ಈಗ ಪದ ಕೇಳಿ, ಮೈ ಮುರಿದು, ನಡೆದುಕೊಂಡು ಪಡಸಾಲೆಗೆ ಹೋಗುತ್ತಾಳೆ. ಎತ್ತಿಕೊಳ್ಳುವ ಮುಂಚೆ ‘ಎತ್ತಲಾ’ ಅನ್ನುತ್ತೇವೆ, ಮೈ ಬಿಗಿದರೆ ಬಿಡುತ್ತೇವೆ. ಕಿವಿಗೆ ಔಷಧಿ ಹಾಕುವ ಮುಂಚೆ ‘ಕಿವಿ’. ಪಶುವೈದ್ಯರ ಹತ್ತಿರ ಒಯ್ಯುವ ಬುಟ್ಟಿಗೆ ‘ಬುಟ್ಟಿ’. ಆ ಪದವನ್ನು ವೈದ್ಯರಿಲ್ಲದ ದಿನಗಳಲ್ಲೂ, ಬುಟ್ಟಿಯೊಳಗೆ ಕೋಳಿಯ ಎಳೆ ಹಾಕಿ ಆಡಿದ್ದರಿಂದ, ಈಗ ಜೀರಿಗೆ ತಾನೇ ಒಳಗೆ ಹೋಗಿ ಕೂರುತ್ತಾಳೆ. ಕೆಟ್ಟದ್ದು ಬರುವುದನ್ನು ಮೊದಲೇ ಹೇಳಿದರೆ ಬೆಕ್ಕು ಓಡಿಹೋಗುತ್ತದೆ, ಹೇಳದೆ ಹಿಡಿಯಬೇಕು ಅನ್ನುವವರು ಬಹಳ. ನನ್ನ ಅನುಭವ ಅದಕ್ಕೆ ಪೂರ್ತಿ ವಿರುದ್ಧ. ಹೇಳಿ ಮಾಡಿದರೆ, ಹೇಳದ ಹೊತ್ತಿನಲ್ಲಿ ಏನೂ ಆಗುವುದಿಲ್ಲ ಎಂಬ ಭರವಸೆ ಅವುಗಳಿಗೆ ಬರುತ್ತದೆ. ಕಾಲುಗಳ ಸುತ್ತ ಅವು ಈಗ ಓಡಾಡುವ ರೀತಿಯೇ ಬೇರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನನ್ನ ಕೆಲಸದ ಕಡೆಯಿಂದ ಒಂದು ಮಾತು ಬಾಕಿ ಇದೆ. ಪದ ಕಲಿಯುತ್ತಿಲ್ಲ ಅನ್ನಿಸಿದರೆ ಮೊದಲು ಕಿವಿ ನೋಡಿ. ಪೂರ್ತಿ ಬಿಳಿ ಮೈ, ಎರಡೂ ಕಣ್ಣು ನೀಲಿ ಇರುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹುಟ್ಟುಕಿವುಡು. ಬಣ್ಣ ಕೊಡದ ಅದೇ ಜೀನ್ ಒಳಗಿವಿಯನ್ನೂ ಕೆಡಿಸುತ್ತದೆ. ನವಜಾತ ಶಿಶುಗಳಿಗೆ ಮಾಡುವ ಬೇರಾ ಪರೀಕ್ಷೆಯನ್ನೇ, ಅಂದರೆ ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆಯನ್ನೇ, ಬೆಕ್ಕಿಗೂ ಮಾಡಬಹುದು. ಮನೆಯಲ್ಲಿ ನೋಡುವುದಾದರೆ ಬೆಕ್ಕು ನಿದ್ದೆಯಲ್ಲಿರುವಾಗ, ನೆಲ ಅದುರದಂತೆ, ಗಾಳಿ ತಾಗದಂತೆ, ಬೆನ್ನ ಹಿಂದೆ ಬೀಗದ ಕೈ ಗೊಂಚಲು ಅಲುಗಿಸಿ ಕಿವಿಯನ್ನು ಗಮನಿಸಿ. ಕೇಳದ ಬೆಕ್ಕಿಗೂ ಪದ ಕಲಿಸಬಹುದು, ಕೈಸನ್ನೆಯಲ್ಲಿ: ‘ಮಮ್ಮು’ವಿಗೆ ಮುಷ್ಟಿ, ‘ಬಾ’ ಅನ್ನುವುದಕ್ಕೆ ದೀಪವನ್ನು ಎರಡು ಸಲ ಆರಿಸಿ ಹಚ್ಚುವುದು. ಅಂಥವರು ಈ ಬಟನ್‌ಗೆ ದುಡ್ಡು ಹಾಕಬೇಡಿ.

ಅಂಕ ಕೊಡುವುದಾದರೆ ಐದಕ್ಕೆ ಮೂರು. ಗಟ್ಟಿ ಸ್ಪ್ರಿಂಗಿಗೆ ಒಂದು ಕಳೆದೆ. ಸ್ವಿಚ್ ಇಲ್ಲದ್ದಕ್ಕೂ ಹಾಸು ಜಾರುವುದಕ್ಕೂ ಸೇರಿಸಿ ಇನ್ನೊಂದು. ನಿಮ್ಮ ಬೆಕ್ಕಿಗೆ ಹೆಸರಿನ ಜೊತೆ ಇನ್ನೂ ಎರಡು ಪದ ಗೋಡೆಯಾಚೆಯಿಂದ ತಿಳಿಯುತ್ತದೆ ಎಂದಾದರೆ ತೆಗೆದುಕೊಳ್ಳಿ, ಎರಡು ಬಟನ್ನಿನ ಚಿಕ್ಕ ಸೆಟ್ಟು ಸಿಕ್ಕರೆ ಅದನ್ನೇ. ತಂದ ದಿನವೇ ಎಲ್ಲ ಬಟನ್‌ಗೂ ಬ್ಯಾಟರಿ ಹಾಕಿ, ‘ಸ’ಕಾರದ ಒಂದು ಪದ ರೆಕಾರ್ಡ್ ಮಾಡಿ ಕೇಳಿ ನೋಡಿ. ‘ಸ’ ಕೇಳಿಸದಿದ್ದರೆ ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಿ.